‘ಬೆಳೆಯೋ ಮರಿ, ಕುಂಟುತ್ತೆ ಬಿಡಿ’

ನಮ್ಮ ಲ್ಯಾಬ್ರಡಾರ್ ಮರಿ ‘ಬೆಲ್ಲ’ನಿಗೆ ಆರು ತಿಂಗಳಾಗಿತ್ತು. ಬೆಳಿಗ್ಗೆ ಎದ್ದೊಡನೆ ಹಿಂಗಾಲು ಎಳೆಯುತ್ತಿದ್ದ, ನಾಲ್ಕು ಹೆಜ್ಜೆ ನಡೆದ ಮೇಲೆ ಸರಿಹೋಗುತ್ತಿದ್ದ. ಮರಿ ಮಾರಿದವರಿಗೆ ಫೋನ್ ಮಾಡಿದೆ. “ಬೆಳೆಯೋ ಮರಿ ಮೇಡಂ, ಕುಂಟುತ್ತೆ ಬಿಡಿ. ಕ್ಯಾಲ್ಸಿಯಂ ಕೊಡಿ” ಎಂದರು. ಪಕ್ಕದ ಮನೆಯವರದೂ ಅದೇ ಮಾತು. ಅಂಗಡಿಯವರಂತೂ ನಾನು ಕೇಳಿ ಮುಗಿಸುವ ಮೊದಲೇ ಬಾಟಲಿ ತೆಗೆದಿಟ್ಟರು. ಎರಡು ತಿಂಗಳು ಕುಡಿಸಿದೆ. ಒಂದು ಪದದ ಮೂಲ ಹುಡುಕಲು ನಾಲ್ಕು ನಿಘಂಟು ತಿರುವಿಹಾಕುವ ಸಂಶೋಧನಾ ವಿದ್ಯಾರ್ಥಿನಿ ನಾನು. ಈ ಮಾತಿಗೆ ಆಧಾರವೇನೆಂದು ಒಮ್ಮೆಯೂ ಕೇಳಲಿಲ್ಲ. ಕೊನೆಗೆ ಎಕ್ಸ್‌ರೇ ಹೇಳಿತು: ಹಿಪ್ ಡಿಸ್‌ಪ್ಲೇಸಿಯಾ. ತೊಡೆಮೂಳೆಯ ಗುಂಡು ಸೊಂಟದ ಬಟ್ಟಲಿನಲ್ಲಿ ಸರಿಯಾಗಿ ಕೂತಿರಲೇ ಇಲ್ಲ.

ಹಾಗಾಗಿ ಈ ಜಗಳ ಮೊದಲು ನನ್ನ ಜೊತೆಗೇ.

‘ಬೆಳೆಯೋ ಮರಿ ಕುಂಟುತ್ತೆ’ ಎಂಬುದು ಅರ್ಧಸತ್ಯ. ಪ್ಯಾನಾಸ್ಟೈಟಿಸ್ ಎಂಬ ಮೂಳೆ ನೋವು ಇರುವುದು ನಿಜ. ಹೆಚ್ಚಾಗಿ 5ರಿಂದ 18 ತಿಂಗಳ ದೊಡ್ಡ ತಳಿಯ ಮರಿಗಳಲ್ಲಿ ಬರುತ್ತದೆ. ಇವತ್ತು ಒಂದು ಕಾಲು, ಮುಂದಿನ ವಾರ ಇನ್ನೊಂದು; ಕಾಲಕ್ರಮೇಣ ತಾನಾಗಿ ವಾಸಿಯಾಗುತ್ತದೆ. ಆದರೆ ಅದು ಪರೀಕ್ಷೆ ಮಾಡಿ ಹೇಳಬೇಕಾದ ಮಾತು. ಸೊಂಟ ಅಥವಾ ಮೊಣಕೈ ಕೀಲಿನ ದೋಷ, ಬೆಳೆಯುವ ಮೂಳೆಯ ತುದಿಗೆ ಬಿದ್ದ ಪೆಟ್ಟು, ಉಣ್ಣೆಯಿಂದ ಬರುವ ಜ್ವರ, ಇವೆಲ್ಲವೂ ಕುಂಟಿಸುತ್ತವೆ. ನೋಡದೆಯೇ ‘ಬಿಡಿ’ ಎನ್ನುವುದು ಅನುಭವವಲ್ಲ, ಉಡಾಫೆ.

ಇನ್ನು ಬಾಟಲಿಯ ವಿಚಾರ. ದೊಡ್ಡ ನಾಯಿಯ ಕರುಳು ಬೇಡದ ಕ್ಯಾಲ್ಸಿಯಂ ಹೀರುವುದನ್ನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ಎಳೆಯ ಮರಿಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ. ಮೃದ್ವಸ್ಥಿ ಮೂಳೆಯಾಗಿ ಮಾರ್ಪಡುವ ಕ್ರಮವನ್ನೇ ಅತಿಯಾದ ಕ್ಯಾಲ್ಸಿಯಂ ಕೆಡಿಸಬಲ್ಲದು. 1980ರ ದಶಕದಲ್ಲೇ ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಗ್ರೇಟ್ ಡೇನ್ ಮರಿಗಳ ಮೇಲಿನ ಅಧ್ಯಯನಗಳು ಇದನ್ನು ತೋರಿಸಿವೆ. ಮರಿಗಳಿಗೆಂದೇ ತಯಾರಾದ ಸಮತೋಲಿತ ಆಹಾರದಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ ಇದ್ದೇ ಇರುತ್ತದೆ. ಅದರ ಮೇಲೆ ನಾವು ಸುರಿಯುವುದು ಪ್ರೀತಿಯ ಹೆಸರಿನ ಅಪಾಯ.

“ನಮ್ಮಜ್ಜಿ ಅನ್ನ ಹಾಕಿಯೇ ನಾಯಿ ಸಾಕಿರಲಿಲ್ಲವೇ?” ಎನ್ನುವವರಿದ್ದಾರೆ. ಬರೀ ಅನ್ನ ಅಥವಾ ಮೂಳೆಯಿಲ್ಲದ ಮಾಂಸವಷ್ಟೇ ತಿನ್ನುವ ಮರಿಗೆ ಕೊರತೆ ನಿಜಕ್ಕೂ ಆಗುತ್ತದೆ, ಮೂಳೆ ತೆಳುವಾಗಿ ಮುರಿಯಲೂಬಹುದು. ಅಲ್ಲಿ ಸರಿಪಡಿಸಬೇಕಾದದ್ದು ಇಡೀ ಊಟ, ಅದೂ ಪಶುವೈದ್ಯರನ್ನು ಕೇಳಿ. ಒಂದೇ ಬಾಟಲಿ ಎಲ್ಲ ಮರಿಗೂ ಮದ್ದಾಗುವುದಿಲ್ಲ. ನಮ್ಮ ಮನೆಯ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಅಂತೂ ನಾಯಿಗೆ ವಿಷವಾಗಬಹುದು.

ಈ ಅರ್ಧಸತ್ಯದಿಂದ ಲಾಭ ಯಾರಿಗೆ? ಸೊಂಟದ ದೋಷ ಬಹುಮಟ್ಟಿಗೆ ವಂಶದಿಂದ ಬರುವಂಥದ್ದು. ತಪ್ಪನ್ನು ‘ಬೆಳವಣಿಗೆ’ಯ ತಲೆಗೆ ಕಟ್ಟಿದರೆ ತಾಯಿನಾಯಿಯ ಎಕ್ಸ್‌ರೇ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ನಾಯಿ ತಳಿ ಬೆಳೆಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಎಂದು 2017ರ ಕೇಂದ್ರ ನಿಯಮಗಳು ಹೇಳುತ್ತವೆ. ಕೊಳ್ಳುವಾಗ ನಾನು ಇದನ್ನೂ ಕೇಳಿರಲಿಲ್ಲ. ಬಣ್ಣ ನೋಡಿದೆ, ತಲೆ ಎಷ್ಟು ದೊಡ್ಡದೆಂದು ನೋಡಿದೆ.

ಕೊಂಡ ಮೇಲೆ ಗುಂಡುಗುಂಡಾಗಿರಲೆಂದು ತಿನ್ನಿಸಿದೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೀವಮಾನವಿಡೀ ಗಮನಿಸಿದ ಅಧ್ಯಯನವೊಂದಿದೆ. ಜೋಡಿಯ ನಾಯಿಗಿಂತ ಶೇ. 25ರಷ್ಟು ಕಡಿಮೆ ತಿಂದವುಗಳಲ್ಲಿ ಸೊಂಟದ ತೊಂದರೆ ಕಡಿಮೆಯಿತ್ತು. ಅವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು ಕೂಡ.

ಮರಿ ಕುಂಟಿದರೆ ಯಾವ ಕಾಲು, ಎದ್ದಾಗಲೋ ಓಡಿದ ಮೇಲೋ ಎಂದು ಬರೆದಿಡಿ, ಮೊಬೈಲಿನಲ್ಲಿ ವಿಡಿಯೊ ಮಾಡಿ, ವೈದ್ಯರಿಗೆ ತೋರಿಸಿ. ಕಾಲು ನೆಲಕ್ಕೇ ಊರದಿದ್ದರೆ, ಜ್ವರವಿದ್ದರೆ, ಊಟ ಬಿಟ್ಟರೆ ಅಂದೇ ಹೊರಡಿ.

ಬೆಲ್ಲ ಈಗ ತೂಕ ಇಳಿಸಿಕೊಂಡಿದ್ದಾನೆ. ನುಣುಪು ಟೈಲ್ಸ್ ಮೇಲೆ ಹಳೇ ಜಮಖಾನೆ ಹಾಸಿದ್ದೇವೆ. ಬೆಳಿಗ್ಗೆ ಏಳುವಾಗ ಇವತ್ತಿಗೂ ಒಂದು ಕ್ಷಣ ತಡೆಯುತ್ತಾನೆ. ಆ ಎರಡು ತಿಂಗಳು ಅವನು ದಿನಾ ಬೆಳಿಗ್ಗೆ ಹೇಳುತ್ತಲೇ ಇದ್ದ. ನಾನು ಬೇರೆಯವರ ಮಾತು ಕೇಳುತ್ತಿದ್ದೆ.