ಅದಿರಿನೊಳಗಣ ಚಿನ್ನ ಕಂಡವರು



ಬೂದಿಕೋಟೆಯೆಂದರೆ ಹೈದರಾಲಿಯ ಜನ್ಮಸ್ಥಳವೆಂದು ಇತಿಹಾಸ ಬಲ್ಲವರು ಹೇಳುತ್ತಾರೆ. ಆ ಊರಿನ ಭಕ್ತರೊಬ್ಬರ ಮನೆಗೆ ಹೋಗಿದ್ದಾಗ, ಪೂಜೆ ಪ್ರಸಾದಗಳು ಮುಗಿದ ಮೇಲೆ, ಯಜಮಾನರು ತಮ್ಮ ಮಗನ ವಿಷಯ ತೆಗೆದರು. ಹುಡುಗನಿಗೆ ಕ್ರಿಕೆಟ್ಟಿನ ಹುಚ್ಚು. "ಶಾಸ್ತ್ರಿಗಳೆ, ಚೆನ್ನಾಗಿ ಆಡುತ್ತಾನೆಂದು ಊರೇ ಹೇಳುತ್ತದೆ. ಆದರೆ ಬಂಗಾರಪೇಟೆ ದಾಟಿದರೆ ಇವನನ್ನು ನೋಡುವವರು ಯಾರು?" ಎಂದರು.

ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ದಾಂಡಿನಾಟವುಂಟು. ಅದನ್ನು ಆಡಿ ನಿವೃತ್ತರಾದವರಲ್ಲಿ ಕೆಲವರು ತಂಡಗಳ ಸಂಬಳ ಪಡೆದು ಊರೂರಿನ ಶಾಲಾ ಮೈದಾನಗಳನ್ನು ಸುತ್ತುತ್ತಾರೆ, ಎಳೆಯ ಪ್ರತಿಭೆಗಳನ್ನು ಗುರುತಿಸುತ್ತಾರೆ. ಅವರಿಗೆ ಸ್ಕೌಟ್ ಎಂದು ಹೆಸರು. (ನಮ್ಮ ಶಾಲೆಗಳ ಸ್ಕೌಟ್ ಬಾಲಕರೇ ಬೇರೆ.) ನಮ್ಮಲ್ಲಿ ಇದಕ್ಕೆ ಹತ್ತಿರವಾದುದು ಆಯ್ಕೆಗಾರರ ಕಾಯಕ. ಅದನ್ನು ನೆನೆದೊಡನೆ, 1949ರಲ್ಲಿ ಭದ್ರಾವತಿಯಲ್ಲಿ ಜನಿಸಿದ ಗುಂಡಪ್ಪ ವಿಶ್ವನಾಥರು ಕಣ್ಣ ಮುಂದೆ ನಿಲ್ಲುತ್ತಾರೆ.

ವಾಮನಾಕಾರ, ಮೃದು ಸ್ವಭಾವ. 1967ರಲ್ಲಿ ಆಂಧ್ರದ ವಿರುದ್ಧ ಆಡಿದ ಮೊದಲ ರಣಜಿ ಪಂದ್ಯದಲ್ಲಿಯೇ 230 ರನ್ನು ಗಳಿಸಿದವರು. 1969ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದೆದುರು ಮೊದಲ ಟೆಸ್ಟ್. ಮೊದಲ ಸರದಿಯಲ್ಲಿ ಸೊನ್ನೆ! ಇಪ್ಪತ್ತರ ಯುವಕನ ಎದೆ ಹೇಗೆ ಕುಸಿದಿರಬೇಕು! ನಾಯಕ ಪಟೌಡಿಯವರು ಗದರಲಿಲ್ಲ. ಚಿಂತೆ ಬೇಡ, ನೂರು ಹೊಡೆಯುವೆ ಎಂದು ಧೈರ್ಯ ತುಂಬಿದರು. ಎರಡನೆಯ ಸರದಿಯಲ್ಲಿ ಬಂದದ್ದು 137. ಮುಂದೆ 91 ಟೆಸ್ಟ್‌ಗಳು, 6080 ರನ್ನುಗಳು, 14 ಶತಕಗಳು. ಆ ಸೊನ್ನೆಯ ದಿನ ಯಾರಾದರೂ ಮುಖ ತಿರುಗಿಸಿದ್ದರೆ ಇವೆಲ್ಲ ಎಲ್ಲಿಯವು?

ಈ ಮನುಷ್ಯರೇ 1996ರಲ್ಲಿ ಇಂಗ್ಲೆಂಡ್ ಪ್ರವಾಸದ ತಂಡವನ್ನು ಆರಿಸಿದ ಸಮಿತಿಯ ಅಧ್ಯಕ್ಷರು. ಸೌರವ್ ಗಂಗೂಲಿಯನ್ನು 1992ರಲ್ಲಿ ಒಂದೇ ಏಕದಿನ ಪಂದ್ಯ ಆಡಿಸಿ, ಮೂರು ರನ್ನಿಗೆ ಔಟಾದ ಮೇಲೆ ಕೈಬಿಡಲಾಗಿತ್ತು. ನಾಲ್ಕು ವರ್ಷಗಳ ನಂತರ ಆತನನ್ನು ಆರಿಸಿದಾಗ ಟೀಕಿಸಿದವರು ಅನೇಕರು. ಅದೇ ತಂಡದಲ್ಲಿ ನಮ್ಮ ರಾಹುಲ್ ದ್ರಾವಿಡ್ ಸಹ ಇದ್ದರು. ಜೂನ್ ತಿಂಗಳಲ್ಲಿ ಲಾರ್ಡ್ಸ್ ಮೈದಾನದಲ್ಲಿ ಇಬ್ಬರಿಗೂ ಮೊದಲ ಟೆಸ್ಟ್: ಒಬ್ಬರಿಗೆ 131, ಇನ್ನೊಬ್ಬರಿಗೆ 95. ಸಮಿತಿಯಲ್ಲಿ ಇತರರೂ ಇದ್ದರು, ಶ್ರೇಯಸ್ಸು ಒಬ್ಬರದಲ್ಲ. ಆದರೂ ತಾನೇ ಸೊನ್ನೆಯನ್ನು ಉಂಡವನು ಅನ್ಯರ ಮೂರು ರನ್ನನ್ನು ನೋಡುವ ಬಗೆಯೇ ಬೇರೆಯೆಂದು ನನ್ನ ನಂಬಿಕೆ.

ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುವುದರಲ್ಲಿ ಮುಳುಗಿದ್ದ ಸಿದ್ಧರಾಮನೊಳಗಣ ಶಿವಯೋಗಿಯನ್ನು ಕಂಡು, ಕಲ್ಯಾಣಕ್ಕೆ ಕರೆತಂದವರು ಅಲ್ಲಮಪ್ರಭುಗಳೆಂದು ಶೂನ್ಯಸಂಪಾದನೆ ಹೇಳುತ್ತದೆ. ಆಟಕ್ಕೂ ಅನುಭಾವಕ್ಕೂ ಎಲ್ಲಿಯ ಹೋಲಿಕೆಯೆಂದು ಹಿರಿಯರು ಮುನಿಯಬಾರದು. ನಾನು ಹೇಳುತ್ತಿರುವುದು ಕಾಣುವ ಕಣ್ಣಿನ ಮಾತು. 2001ರಲ್ಲಿ ಮುಚ್ಚಿದ ಕೆಜಿಎಫ್ ಗಣಿಗಳಲ್ಲಿ, ಕೊನೆಕೊನೆಗೆ ಒಂದು ಟನ್ ಅದಿರನ್ನು ಅರೆದರೆ ದೊರೆಯುತ್ತಿದ್ದುದು ಕೆಲವೇ ಗ್ರಾಂ ಚಿನ್ನ. ಬೂದಿಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಯಜಮಾನರಿಗೆ ನಾನೆಂದೆ: "ನೋಡುವವರು ಮನೆಬಾಗಿಲಿಗೆ ಬರಲಾರರು. ಜಿಲ್ಲೆಯ ಪಂದ್ಯಗಳಿಗೆ ನೀವೇ ಕರೆದೊಯ್ಯಿರಿ. ಸೊನ್ನೆಗೆ ಔಟಾಗಿ ಬಂದ ದಿನ ಮಾತ್ರ ಬೈಯಬೇಡಿ."

ಒಳಗಿನಿಂದ ತಾಯಿ, "ಪರೀಕ್ಷೆಯಲ್ಲಿ ಸೊನ್ನೆ ತಂದರೆ?" ಎಂದರು. ಹುಡುಗ ಮೆಲ್ಲನೆ ಹಿತ್ತಲಿಗೆ ಜಾರಿದ.