ಓಡಿ ಬಂದವರನ್ನು ಹಿಂದಕ್ಕೆ ಕಳಿಸಬೇಡಿ

ಹೆಗ್ಗಡದೇವನಕೋಟೆಯ ಹಾಡಿಗಳಿಂದಲೂ ಹುಣಸೂರು, ಪಿರಿಯಾಪಟ್ಟಣಗಳ ಕಾಡಂಚಿನ ಊರುಗಳಿಂದಲೂ ಆಳುಗಳನ್ನು ತುಂಬಿಕೊಂಡ ಜೀಪುಗಳು ಕೊಡಗಿನ ಕಾಫಿ ತೋಟಗಳಿಗೆ ಹೋಗುವುದನ್ನು ನಮ್ಮ ಓದುಗರು ಬಲ್ಲರು. ಬಾವಲಿಯ ದಾರಿಯಾಗಿ ವಯನಾಡಿಗೆ ಹೋಗುವವರೂ ಉಂಟು. ಕೂಲಿಗೆ ಹೋಗುವುದು ತಪ್ಪಲ್ಲ. ದುಡಿದು ಉಣ್ಣುವುದು ಮಾನವಂತರ ಬಾಳು. ಆದರೆ ಹೋದವರಲ್ಲಿ ಕೆಲವರು ಮುಂಗಡದ ಬಲೆಗೆ ಸಿಕ್ಕಿ, ತೋಟದ ಲೈನ್ ಮನೆ ಬಿಟ್ಟು ಹೊರಡಲಾರದೆ ನರಳುತ್ತಾರೆ. ಕೆಲಸದ ಆಸೆಗೋ ಮದುವೆಯ ಆಸೆಗೋ ದೂರದ ಪಟ್ಟಣಕ್ಕೆ ಹೋದ ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟದ್ದು. ಹೀಗೆ ಸಿಕ್ಕಿಬಿದ್ದವರು ಒಂದು ರಾತ್ರಿ ಓಡಿ ಬಂದರೆ ಅಧಿಕಾರಿಗಳು ಅವರನ್ನು ಹೇಗೆ ಬರಮಾಡಿಕೊಳ್ಳಬೇಕು?

ಠಾಣೆಯ ಮೆಟ್ಟಿಲು ಹತ್ತಿದವನಿಗೆ ಎದುರಾಗುವ ಮೊದಲ ಪ್ರಶ್ನೆ "ಅಡ್ವಾನ್ಸ್ ಎಷ್ಟು ತಗೊಂಡಿದ್ದೀಯ?" ಎಂದಾದರೆ ಅವನ ಗತಿ ಅಲ್ಲಿಗೇ ಮುಗಿಯಿತು. ಎರಡನೆಯ ಮಾತು, "ಇದು ನಮ್ಮ ಠಾಣೆಗೆ ಸೇರಿದ್ದಲ್ಲ." ಅಷ್ಟರಲ್ಲಿ ಮೇಸ್ತ್ರಿ ಬರುತ್ತಾನೆ, ರಾಜಿ ನಡೆಯುತ್ತದೆ, ಓಡಿ ಬಂದವನು ಅದೇ ಜೀಪು ಹತ್ತುತ್ತಾನೆ. ನಾವು ಕೇಳುತ್ತೇವೆ: ಅದು ಪೋಲೀಸು ಠಾಣೆಯೋ, ಸಾಹುಕಾರರ ವಸೂಲಿ ಕಛೇರಿಯೋ?

ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. ಸಂವಿಧಾನದ 23ನೆಯ ವಿಧಿ ಮನುಷ್ಯರ ಮಾರಾಟವನ್ನೂ ಬಿಟ್ಟಿ ದುಡಿಮೆಯನ್ನೂ ನಿಷೇಧಿಸಿದೆ. 1976ರ ಜೀತಪದ್ಧತಿ ರದ್ದು ಕಾಯಿದೆ ಜೀತದ ಸಾಲವನ್ನೇ ಅಳಿಸಿಹಾಕಿದೆ. ಅಳಿದ ಸಾಲಕ್ಕೆ ಹಣ ಪಡೆಯುವುದೂ ಅಪರಾಧ, ಅದಕ್ಕೆ 3 ವರ್ಷದವರೆಗೆ ಸೆರೆ. ಸಾಲ ಜೀತದ್ದಲ್ಲವೆಂದು ಸಾಬೀತು ಮಾಡುವ ಹೊರೆ ಹಣ ಕೊಟ್ಟವನದು, ದುಡಿದವನದಲ್ಲ. ಹಾಗಿರುವಾಗ ಠಾಣೆಯಲ್ಲಿ ಕುಳಿತು ಮುಂಗಡದ ಲೆಕ್ಕ ತೀರ್ಮಾನ ಮಾಡುವ ಅಧಿಕಾರಿ ಶಾಂತಿ ಕಾಪಾಡುತ್ತಿಲ್ಲ, ಅಪರಾಧಕ್ಕೆ ಕೈಜೋಡಿಸುತ್ತಿದ್ದಾನೆ.

"ಕೊಟ್ಟ ಹಣ ಕೇಳುವುದು ತಪ್ಪೇ?" ಎಂದು ನಮ್ಮ ವ್ಯಾಪಾರಿ ಮಿತ್ರರು ಕೇಳಬಹುದು. ಉದ್ದರಿ ಕೊಟ್ಟ ಅಂಗಡಿಯವರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಗಿರಾಕಿಯ ಹೆಂಡತಿ ಮಕ್ಕಳನ್ನು ಒತ್ತೆ ಇಟ್ಟುಕೊಳ್ಳುವುದಿಲ್ಲ. ಗಿರಣಿಯ ಕಾರ್ಮಿಕ ಸಾಲಗಾರನಾಗಿದ್ದರೂ ಒಂದು ಗಿರಣಿ ಬಿಟ್ಟು ಇನ್ನೊಂದಕ್ಕೆ ಹೋಗಬಲ್ಲ. ಸಾಲದ ಹೆಸರಿನಲ್ಲಿ ಆ ಬಾಗಿಲು ಮುಚ್ಚಿದರೆ ಅದೇ ಜೀತ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟು 1982ರಲ್ಲಿಯೇ ಹೇಳಿದೆ.

"ಅವನೇ ಒಪ್ಪಿ ಹೋಗಿದ್ದನಲ್ಲ" ಎಂಬುದು ಇನ್ನೊಂದು ನೆಪ. ಮೋಸದಿಂದಲೋ ಬೆದರಿಕೆಯಿಂದಲೋ ಆಮಿಷದಿಂದಲೋ ಮನುಷ್ಯರನ್ನು ಶೋಷಣೆಗಾಗಿ ಸಾಗಿಸಿದರೆ, ಒಳಗಾದವರ ಒಪ್ಪಿಗೆ ಲೆಕ್ಕಕ್ಕಿಲ್ಲವೆಂದು ಭಾರತೀಯ ನ್ಯಾಯ ಸಂಹಿತೆಯ 143ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಠಾಣೆಯ ಸರಹದ್ದಿನ ನೆಪವೂ ನಿಲ್ಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಇಂಥ ಅಪರಾಧ ಎಲ್ಲೇ ನಡೆದಿರಲಿ, ದೂರು ಬಂದ ಠಾಣೆ ಅದನ್ನು ಬರೆದುಕೊಳ್ಳಲೇಬೇಕು. ತೋಟ ಕೊಡಗಿನಲ್ಲಿದ್ದರೂ ಕೋಟೆಯ ಠಾಣೆ ಕೈಚೆಲ್ಲುವಂತಿಲ್ಲ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಜೊತೆಗೆ ಅವುಗಳಿಂದ ಬೇರೆಯಾದ ಸಾಲಿಗ್ರಾಮ, ಸರಗೂರು ಎಲ್ಲವೂ ಹುಣಸೂರು ಉಪವಿಭಾಗಕ್ಕೇ ಸೇರಿವೆ. ಆದ್ದರಿಂದ ಹುಣಸೂರಿನ ಉಪವಿಭಾಗಾಧಿಕಾರಿಗಳ ಮುಂದೆ ಈ ಬೇಡಿಕೆಗಳನ್ನು ಇಡುತ್ತೇವೆ.

ಒಂದು: ಬಂದವರಿಗೆ ಮೊದಲು ನೀರು, ಅನ್ನ, ವೈದ್ಯರು. ಹೆಂಗಸಾದರೆ ಮಹಿಳಾ ಅಧಿಕಾರಿ. ಜೇನುಕುರುಬರೋ ಯರವರೋ ಆದರೆ ಅವರ ಮಾತು ಬಲ್ಲವರು ಜೊತೆಗಿರಬೇಕು. ಮೇಸ್ತ್ರಿಯ ಎದುರಿಗೆ ಹೇಳಿಕೆ ಪಡೆಯಕೂಡದು.

ಎರಡು: ಸಿಕ್ಕವರು ಮಕ್ಕಳಾದರೆ ಕಾನೂನಿನಂತೆ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ದೊಡ್ಡವರ ವಿಷಯದಲ್ಲಿಯೂ ವಿಚಾರಣೆ ತಡವಿಲ್ಲದೆ ನಡೆದು, ಜೀತವೆಂದು ಕಂಡುಬಂದರೆ ಬಿಡುಗಡೆ ಪತ್ರ ಅವರ ಕೈಗೇ ಸೇರಬೇಕು.

ಮೂರು: ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ಬಿಡುಗಡೆಯಾದವರಿಗೆ ಕೂಡಲೇ 30,000 ರೂ.ವರೆಗೆ ಕೊಡಲು ಅವಕಾಶವಿದೆ. ಅದಕ್ಕೆ ಆರೋಪಿಗೆ ಶಿಕ್ಷೆಯಾಗುವವರೆಗೂ ಕಾಯಬೇಕಾಗಿಲ್ಲ. ಒಟ್ಟು ನೆರವು ಗಂಡಾಳಿಗೆ 1 ಲಕ್ಷ, ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ, ಸಾಗಣೆ ಮತ್ತು ಲೈಂಗಿಕ ಶೋಷಣೆಯಂಥ ಘೋರ ಪ್ರಕರಣಗಳಲ್ಲಿ 3 ಲಕ್ಷ ರೂ. ಈ ಹಣ ಕಡತದಲ್ಲಿ ಕೊಳೆಯಬಾರದು.

ನಾಲ್ಕು: ಕಾಯಿದೆಯ ಪ್ರಕಾರ ಉಪವಿಭಾಗಕ್ಕೊಂದು ಜಾಗೃತಿ ಸಮಿತಿ ಇರಬೇಕು, ಅದರಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಮೂವರೂ ಸಮಾಜಸೇವಕರಿಬ್ಬರೂ ಇರಬೇಕು. ಸದಸ್ಯರ ಹೆಸರನ್ನೂ ಸಭೆಯ ದಿನವನ್ನೂ ಪ್ರತಿ ತಾಲ್ಲೂಕು ಕಛೇರಿಯ ಫಲಕದ ಮೇಲೆ ಬರೆಸಬೇಕು.

ಬಿಡಿಸಿ ಊರಿಗೆ ಬಿಟ್ಟುಬಂದರೆ ಕೆಲಸ ಮುಗಿಯಲಿಲ್ಲ. ಪಡಿತರ ಚೀಟಿ, ಉದ್ಯೋಗ, ಸೂರು ಇಲ್ಲದ ಬಿಡುಗಡೆ ಮತ್ತೆ ಜೀತಕ್ಕೇ ನೂಕುತ್ತದೆ. 1984ರಲ್ಲಿ ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಎಚ್ಚರಿಕೆಯೂ ಇದೇ. ಮೈಸೂರಿನ ಒಡನಾಡಿ ಸಂಸ್ಥೆ ಮೂರು ದಶಕಕ್ಕೂ ಮಿಕ್ಕಿ ನೊಂದ ಹೆಣ್ಣುಮಕ್ಕಳಿಗೆ ಆಸರೆ ಕೊಡುತ್ತಾ ಬಂದಿದೆ. ಒಂದು ಸಂಸ್ಥೆಗೆ ಸಾಧ್ಯವಾದದ್ದು ಬೊಕ್ಕಸವಿರುವ ಸರ್ಕಾರಕ್ಕೆ ಅಸಾಧ್ಯವೇ?

ಸುಳ್ಳು ದೂರುಗಳೂ ಬರುತ್ತವೆ ಎಂದು ಅಧಿಕಾರಿಗಳು ಹೇಳಬಹುದು. ಬರಲಿ, ವಿಚಾರಣೆ ಇರುವುದೇ ಅದಕ್ಕಾಗಿ. ನಂಬಿ ಕೆಟ್ಟರೆ ಸರ್ಕಾರಕ್ಕೆ ಒಂದು ಊಟ, ಒಂದು ರಾತ್ರಿಯ ಚಾಪೆ ನಷ್ಟ. ನಂಬದೆ ಕೆಟ್ಟರೆ ಒಂದು ಜೀವ ನಷ್ಟ. ಯಾವುದು ದುಬಾರಿ ಎಂದು ತಿಳಿಯಲು ದೊಡ್ಡ ಪರೀಕ್ಷೆ ಪಾಸು ಮಾಡಬೇಕಾಗಿಲ್ಲ.

ಓದುಗರಿಗೂ ಒಂದು ಮಾತು. ಓಡಿ ಬಂದವರನ್ನು ಮೊದಲು ಕಾಣುವವರು ಸಾಹೇಬರಲ್ಲ; ಬಸ್ ಸ್ಟ್ಯಾಂಡಿನ ಅಂಗಡಿಯವರು, ರಾತ್ರಿ ಪಾಳಿ ಮುಗಿಸಿ ಬರುವ ಕಾರ್ಮಿಕರು. ಮಕ್ಕಳಾದರೆ 1098, ಹೆಂಗಸರಾದರೆ 181, ಯಾರಾದರೂ ಸರಿ 112ಕ್ಕೆ ಫೋನು ಮಾಡಿ. ಸಾಧ್ಯವಾದರೆ ಠಾಣೆಯವರೆಗೆ ಜೊತೆಯಲ್ಲಿ ನಡೆಯಿರಿ. ಒಂಟಿಯಾಗಿ ಹೋದ ಕೂಲಿಯನ್ನು ಗದರಿಸಿ ಕಳಿಸುವುದು ಸುಲಭ. ಹಿಂದೆ ಹತ್ತು ಜನ ನಿಂತರೆ ದೂರು ತಾನಾಗಿ ಬರಹಕ್ಕೆ ಇಳಿಯುತ್ತದೆ.