ಪೈಪು ದೊಡ್ಡದಾದ್ರೆ ಸಾಕಾ?

ಹಾಸ್ಟೆಲ್ ವೈಫೈ ನಿಧಾನವಾದರೆ ನಾವೆಲ್ಲ ಹೇಳೋದು ಒಂದೇ ಮಾತು: "ಬ್ಯಾಂಡ್‌ವಿಡ್ತ್ ಸಾಲ್ತಿಲ್ಲ ಮಗಾ." ಹಾಸ್ಟೆಲ್ ಮಟ್ಟಿಗೆ ಅದು ನಿಜ ಇರಬಹುದು. ಉಪಗ್ರಹದ ಲಿಂಕ್‌ಗೂ ಇದನ್ನೇ ಹೇಳಿದರೆ ತಪ್ಪಾಗುತ್ತೆ. ಅಲ್ಲಿ ಎಷ್ಟೇ ದೊಡ್ಡ ಪೈಪು ಹಾಕಿದರೂ ಡೇಟಾ ತೆವಳುತ್ತಲೇ ಇರಬಹುದು. ಸರಿಮಾಡಬೇಕಾದ್ದು ಎರಡೂ ತುದಿಯ ಕಂಪ್ಯೂಟರ್‌ನಲ್ಲಿರೋ ಟಿಸಿಪಿಯನ್ನ. ಅದು ನಮ್ಮಂಥವರ ಕೆಲಸ ಅನ್ನೋದು ನಮ್ಮ ವಾದ.

ಲೆಕ್ಕ ನೋಡಿ. ಭೂಸ್ಥಿರ ಉಪಗ್ರಹ ಇರೋದು 35,786 ಕಿ.ಮೀ. ಎತ್ತರದಲ್ಲಿ. ಪ್ಯಾಕೆಟ್ ಅಲ್ಲಿಗೆ ಏರಿ ಇಳಿಯಬೇಕು, ಅದರ ಆಕ್ನಾಲೆಜ್‌ಮೆಂಟ್ ಕೂಡ ಹಾಗೇ ವಾಪಸ್ ಬರಬೇಕು. ಬೆಳಕಿನ ವೇಗದಲ್ಲೇ ಸುಮಾರು 480 ಮಿಲಿಸೆಕೆಂಡ್ ಆಯ್ತು. ಮಿಕ್ಕ ವಿಳಂಬ ಸೇರಿಸಿ 600 ಅಂತಿಟ್ಟುಕೊಳ್ಳೋಣ. ಟಿಸಿಪಿ ಹೆಡರ್‌ನಲ್ಲಿ ವಿಂಡೋಗೆ ಇರೋದು 16 ಬಿಟ್. ಅಂದ್ರೆ ಉತ್ತರ ಬರುವ ಮುಂಚೆ ಕಳಿಸಬಹುದಾದ್ದು ಹೆಚ್ಚೆಂದರೆ 65,535 ಬೈಟ್. ಆಗ ವೇಗ ಸೆಕೆಂಡಿಗೆ 0.87 ಮೆಗಾಬಿಟ್ ಮಾತ್ರ. ಲಿಂಕ್ 100 ಮೆಗಾಬಿಟ್‌ನದ್ದಾದರೂ ಅಷ್ಟೇ! ಅಗಲವಾದ ಹೈವೇ ಹಾಕಿಸಿ, ಒಂದು ಲಾರಿ ಬಿಟ್ಟು, ಅದು ಮುಟ್ಟಿದ ಕಾಗದ ಬರೋವರೆಗೂ ಇನ್ನೊಂದು ಲಾರಿ ಬಿಡದೆ ಕೂತ ಹಾಗೆ.

1992ರಲ್ಲಿ ವಿಂಡೋ ಸ್ಕೇಲಿಂಗ್ ಬಂದು ಈ ಮಿತಿ ಹೋಯ್ತು. ಸಮಸ್ಯೆ ಪೂರ್ತಿ ಹೋಗಲಿಲ್ಲ. ಸ್ಲೋ ಸ್ಟಾರ್ಟ್ 10 ಸೆಗ್ಮೆಂಟ್‌ನಿಂದ ಶುರುವಾಗಿ ಪ್ರತಿ ಸುತ್ತಿಗೆ ದುಪ್ಪಟ್ಟಾಗುತ್ತೆ. 1 ಎಂಬಿ ಫೈಲ್‌ಗೆ 7 ಸುತ್ತು, ಅಂದ್ರೆ 4 ಸೆಕೆಂಡಿಗೂ ಹೆಚ್ಚು. ಪೈಪು ತುಂಬಿ ಹರಿದಿದ್ದರೆ 0.08 ಸೆಕೆಂಡಿನ ಕೆಲಸ.

ಪ್ಯಾಕೆಟ್ ಕಳೆದುಹೋದರಂತೂ ಕೇಳಲೇಬೇಡಿ. 1986ರಲ್ಲಿ ಇಂಟರ್ನೆಟ್ ದಟ್ಟಣೆಯಿಂದ ಕುಸಿದಾಗ ವ್ಯಾನ್ ಜೇಕಬ್ಸನ್ ಪರಿಹಾರ ಕೊಟ್ಟರು: ಪ್ಯಾಕೆಟ್ ಕಳೆದರೆ ದಟ್ಟಣೆ ಇದೆ ಅಂತ ತಿಳಿದು ನಿಧಾನಿಸು. ಕೇಬಲ್‌ಗೆ ಸರಿಯಾದ ಮಾತು. ಉಪಗ್ರಹದ ಲಿಂಕ್‌ನಲ್ಲಿ ಮಳೆ ಬಂದರೂ ಪ್ಯಾಕೆಟ್ ಹೋಗುತ್ತೆ! 100 ಮೆಗಾಬಿಟ್ ಪೈಪು ತುಂಬಿರಲು ಸುಮಾರು 5,100 ಸೆಗ್ಮೆಂಟ್ ದಾರಿಯಲ್ಲಿರಬೇಕು. ಹಳೇ ರೆನೋ ಪ್ರಕಾರ ಒಂದು ನಷ್ಟಕ್ಕೆ ವಿಂಡೋ ಅರ್ಧವಾಗುತ್ತೆ, ಆಮೇಲೆ ಸುತ್ತಿಗೆ ಒಂದೊಂದೇ ಸೆಗ್ಮೆಂಟ್ ಏರುತ್ತೆ. ಮೊದಲಿನ ಮಟ್ಟಕ್ಕೆ ಬರೋಕೆ 25 ನಿಮಿಷ.

"ಅದಕ್ಕೇ ಪಿಇಪಿ ಇದೆಯಲ್ಲ" ಅಂತ ಕೆಲವರು ಕೇಳಬಹುದು. ನೆಲದ ಕೇಂದ್ರದಲ್ಲಿ ಕೂತ ಆ ಪೆಟ್ಟಿಗೆ, ಡೇಟಾ ಇನ್ನೂ ಮುಟ್ಟದಿದ್ದರೂ "ಮುಟ್ಟಿತು" ಅಂತ ತಾನೇ ಉತ್ತರ ಕೊಟ್ಟು ಕಳಿಸುವವನನ್ನ ಓಡಿಸುತ್ತೆ. ಕೆಲಸ ನಡೆಯುತ್ತೆ, ನಿಜ. ಆದರೆ 2021ರಲ್ಲಿ ಪ್ರಮಾಣಿತವಾದ ಕ್ವಿಕ್ ಪ್ರೋಟೋಕಾಲ್ ಆಕ್ನಾಲೆಜ್‌ಮೆಂಟನ್ನೂ ಎನ್‌ಕ್ರಿಪ್ಟ್ ಮಾಡುತ್ತೆ. ಪೆಟ್ಟಿಗೆಗೆ ಓದೋಕೇ ಬರಲ್ಲ. ಹಾಗಾಗಿ ತುದಿಗಳನ್ನೇ ಸರಿಮಾಡಬೇಕು. ಕ್ಯೂಬಿಕ್ ಸುತ್ತಿನ ಬದಲು ಸಮಯದ ಲೆಕ್ಕದಲ್ಲಿ ವಿಂಡೋ ಬೆಳೆಸುತ್ತೆ. ಗೂಗಲ್‌ನವರ ಬಿಬಿಆರ್ ಲಿಂಕ್‌ನ ವೇಗ ಮತ್ತು ಆರ್‌ಟಿಟಿ ಅಳೆದು ಕಳಿಸುತ್ತೆ. ದಾರಿ ಇದೇ.

ಇನ್ನೊಂದು ಪ್ರಶ್ನೆ: ಸ್ಟಾರ್‌ಲಿಂಕ್ ಸುಮಾರು 550 ಕಿ.ಮೀ. ಎತ್ತರದಲ್ಲೇ ಇದೆಯಲ್ಲ? ವಿಳಂಬ ಕಡಿಮೆ, ಒಪ್ಪಿದೆವು. ಅಲ್ಲಿ ಉಪಗ್ರಹಗಳು ಓಡುತ್ತಲೇ ಇರುತ್ತವೆ, ಲಿಂಕ್ ಒಂದರಿಂದ ಇನ್ನೊಂದಕ್ಕೆ ಹಾರಬೇಕು. ಆಗ ಆಗುವ ನಷ್ಟವನ್ನೂ ದಟ್ಟಣೆ ಅಂದುಕೊಂಡರೆ ಕಥೆ ಅದೇ.

ಇದು ಬರೀ ಪರೀಕ್ಷೆಯ ಹತ್ತು ಅಂಕದ ವಿಷಯ ಅಲ್ಲ. ಚೆನ್ನೈನಿಂದ ಸಮುದ್ರದಡಿಯ ಕೇಬಲ್ ಬರೋವರೆಗೆ, ಅಂದ್ರೆ 2020ರವರೆಗೆ, ಅಂಡಮಾನಿನವರು ಉಪಗ್ರಹವನ್ನೇ ನಂಬಿದ್ದರು. ಲಕ್ಷದ್ವೀಪಕ್ಕೆ ಕೊಚ್ಚಿಯ ಕೇಬಲ್ ಬಂದದ್ದು 2024ರಲ್ಲಿ. ಹಡಗಿನಲ್ಲಿರುವವರಿಗೆ ಇವತ್ತಿಗೂ ಕೇಬಲ್ ಇಲ್ಲ. ಅಂಥ ಕಡೆ ಅರ್ಜಿ ತುಂಬುವಾಗ ಪೇಜ್ ಟೈಮ್‌ಔಟ್ ಆದರೆ, ದುಬಾರಿ ಲಿಂಕ್ ಖಾಲಿ ಇದ್ದೂ ಅವರಿಗೆ ಸಿಗಲಿಲ್ಲ ಅಂತಲೇ ಅರ್ಥ.

ಹಾಗಾಗಿ ನಮ್ಮ ಬೇಡಿಕೆ ಸಣ್ಣದು: ನೆಟ್‌ವರ್ಕ್ ಲ್ಯಾಬ್‌ನಲ್ಲಿ ಇದೂ ಒಂದು ಪ್ರಯೋಗ ಆಗಲಿ. ಎರಡು ಲಿನಕ್ಸ್ ಲ್ಯಾಪ್‌ಟಾಪ್, ಒಂದು ಲ್ಯಾನ್ ಕೇಬಲ್ ಸಾಕು. ನೆಟೆಮ್‌ನಲ್ಲಿ ಎರಡೂ ಕಡೆ 300 ಮಿಲಿಸೆಕೆಂಡ್ ವಿಳಂಬ, ಚೂರು ನಷ್ಟ ಹಾಕಿ ಐಪರ್ಫ್ ಓಡಿಸಿ. ನೆಟೆಮ್‌ನ ಕ್ಯೂ ಮಿತಿ ಮೊದಲಿಗೆ 1000 ಪ್ಯಾಕೆಟ್ ಇರುತ್ತೆ, ಅದನ್ನ ಹೆಚ್ಚಿಸೋದು ಮರೀಬೇಡಿ. ರೆನೋ, ಕ್ಯೂಬಿಕ್, ಬಿಬಿಆರ್ ಮೂರರ ಗ್ರಾಫ್ ಪಕ್ಕಪಕ್ಕ ಇಟ್ಟು ನೋಡಿ. ಇಸ್ರೋದ ಭೂಸ್ಥಿರ ಉಪಗ್ರಹಗಳನ್ನ ಕಾಯೋ ಕೇಂದ್ರ ನಮ್ಮ ಹಾಸನದಲ್ಲೇ ಇದೆ. ಅವುಗಳ ಮೂಲಕ ಹರಿಯೋ ಡೇಟಾ ಯಾಕೆ ತೆವಳುತ್ತೆ ಅಂತ ನಮಗಾದರೂ ಗೊತ್ತಿರಬೇಕಲ್ವಾ?